ಅವ್ವನ ಒಸಡು ಗಟ್ಟಿಯಾದ ಬಗೆ

ಅವ್ವನಿಗೆ 71 ವರ್ಷ. ಹರಿಹರದ ಆಚೆ, ಹೊಳೆದಂಡೆಯ ಊರಿನಲ್ಲಿ ಒಬ್ಬಳೇ ಇರುವವಳು. ದಸರೆಗೆ ಊರಿಗೆ ಹೋದವರು ಅವಳನ್ನು ದಾವಣಗೆರೆಗೆ ನಮ್ಮ ಜೊತೆಗೇ ಕರೆತಂದೆವು. ಅವಳ ಬಾಯಿಯನ್ನು ನೋಡಲಾಗುತ್ತಿರಲಿಲ್ಲ. ಒಸಡು ಕೆಂಪು ದಾಟಿ ನೇರಳೆಗೆ ತಿರುಗಿತ್ತು. ಹಲ್ಲಿನ ಸಂದಿ ಸಂದಿಯಲ್ಲೂ ಉಬ್ಬಿಕೊಂಡು, ಬೆರಳು ತಾಕಿದರೆ ಸಾಕು ರಕ್ತ. ಬೆಳಗ್ಗೆ ಎದ್ದರೆ ತಲೆದಿಂಬಿನ ಮೇಲೆ ಕಲೆ. ಕೆಳಗಿನ ಮುಂಬಲ್ಲುಗಳು ನಾಲಿಗೆಯಿಂದ ತಳ್ಳಿದರೂ ಅಲುಗಾಡುತ್ತಿದ್ದವು. ನಾಲಿಗೆ ನುಣ್ಣಗೆ, ಕೆಂಪಗೆ ಆಗಿ ಸಾರಿನ ಒಂದು ಹನಿ ಬಿದ್ದರೂ ಉರಿಯುತ್ತಿತ್ತು. "ವಯಸ್ಸಾತಲ್ಲವ್ವ, ಹಲ್ಲು ಹೋಗೋ ಕಾಲ" ಎಂದು ಅವಳೇ ತೀರ್ಮಾನ ಮಾಡಿಕೊಂಡುಬಿಟ್ಟಿದ್ದಳು.

ಉಪ್ಪುನೀರು ಮುಕ್ಕಳಿಸಿದ್ದಳು, ಲವಂಗ ಇಟ್ಟುಕೊಂಡಿದ್ದಳು, ಪಟಿಕದ ನೀರನ್ನೂ ನೋಡಿದ್ದಳು. ಉಪ್ಪುನೀರಿನಿಂದ ಒಂದಿಷ್ಟು ಹಿತವಾಗುತ್ತಿತ್ತು, ಅಷ್ಟೆ. ರಕ್ತ ನಿಲ್ಲುತ್ತಿರಲಿಲ್ಲ. ರಕ್ತ ಬರುತ್ತದೆ ಎಂಬ ಹೆದರಿಕೆಗೆ ಹಲ್ಲುಜ್ಜುವುದನ್ನೇ ಬಿಟ್ಟು, ಬರೀ ಬೆರಳಾಡಿಸಿ ಬಾಯಿ ತೊಳೆದುಕೊಳ್ಳುತ್ತಿದ್ದಳು.

ನಮ್ಮೂರಲ್ಲಿ ದಂತ ವೈದ್ಯಕೀಯ ಕಾಲೇಜುಗಳಿರುವುದು ದೊಡ್ಡ ಅನುಕೂಲ. ಅಂಥ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚೀಟಿ ಮಾಡಿಸಿ, ಮೊದಲ ವಿಭಾಗದಲ್ಲಿ ಬಾಯಿ ತೋರಿಸಿ, ಅಲ್ಲಿಂದ ಒಸಡಿನ ವಿಭಾಗಕ್ಕೆ ಹೋದೆವು. ಅಲ್ಲಿ ನಮ್ಮನ್ನು ನೋಡಿದವಳು ಪಿಜಿ ಓದುತ್ತಿರುವ ಡಾಕ್ಟರ್ ಹುಡುಗಿ. ಬಾಯೊಳಗೆ ಕನ್ನಡಿ ಇಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ಕುರ್ಚಿಯನ್ನು ನೆಟ್ಟಗೆ ಮಾಡಿ, ಮಾಸ್ಕ್ ಕೆಳಗಿಳಿಸಿ, ನಾನು ನಿರೀಕ್ಷಿಸದ ಒಂದು ಪ್ರಶ್ನೆ ಕೇಳಿದಳು: "ಅಜ್ಜಿ, ನಿನ್ನೆ ಬೆಳಗ್ಗೆ ಎದ್ದಾಗಿಂದ ರಾತ್ರಿ ಮಲಗೋವರೆಗೆ ಏನೇನು ತಿಂದ್ರಿ? ಒಂದೂ ಬಿಡದೆ ಹೇಳ್ರಿ."

ನಿನ್ನೆಯದಾದ ಮೇಲೆ ಮೊನ್ನೆಯದು, ಆಮೇಲೆ ಊರಲ್ಲಿದ್ದಾಗ ಏನು, ಎಷ್ಟು ತಿಂಗಳಿಂದ ಹೀಗೆ ಎಂದು ಕೇಳುತ್ತಾ ಹೋದಳು. ಅವ್ವ ಹೇಳಿದ್ದನ್ನು ಕೇಳುತ್ತಾ ನನಗೆ ಎದೆ ಭಾರವಾಯಿತು. ಬೆಳಗ್ಗೆ ಚಹಾದಲ್ಲಿ ಅದ್ದಿದ ಬಿಸ್ಕೀಟು. ಮಧ್ಯಾಹ್ನ ಮೆತ್ತಗೆ ಬೇಯಿಸಿದ ಅನ್ನಕ್ಕೆ ಮಜ್ಜಿಗೆ. ಸಂಜೆ ಮತ್ತೆ ಚಹಾ. ರಾತ್ರಿ ಅನ್ನ–ಹಾಲು, ಇಲ್ಲವೇ ಸಬ್ಬಕ್ಕಿ ಗಂಜಿ. ರೊಟ್ಟಿ ಕಡಿಯಲಾಗದೆ ಬಿಟ್ಟಿದ್ದಳು. ಖಾರ ಉರಿಯುತ್ತದೆಂದು ಹಸಿಮೆಣಸಿನಕಾಯಿ, ಹುಳಿ ಉರಿಯುತ್ತದೆಂದು ಲಿಂಬೆ ಮತ್ತು ಟೊಮೆಟೊ, ನಾರು ಸಂದಿಗೆ ಸಿಕ್ಕಿ ರಕ್ತ ಬರುತ್ತದೆಂದು ಸೊಪ್ಪು, ಬೀಜ ಚುಚ್ಚುತ್ತದೆಂದು ಪೇರಲ, ಎಲ್ಲವನ್ನೂ ಒಂದೊಂದಾಗಿ ಬಿಡುತ್ತಾ ಬಂದಿದ್ದಳು. ಪಪ್ಪಾಯಿ ಮೆತ್ತಗಿದ್ದರೂ ಅದು ಉಷ್ಣ. ನುಗ್ಗೆಸೊಪ್ಪೂ ಉಷ್ಣ. ಬಾಯಿ ಹುಣ್ಣಾಗುವುದು ಉಷ್ಣಕ್ಕೆ ಎಂಬ ನಂಬಿಕೆಯಂತೆ, ಉಷ್ಣದ್ದೆಲ್ಲ ದೂರ, ತಂಪಿನದ್ದು ಮಾತ್ರ ಹತ್ತಿರ. ತಂಪು ಎಂದರೆ ಮಜ್ಜಿಗೆ, ಗಂಜಿ, ಹಾಲು, ಸಕ್ಕರೆ.

ಆ ಹುಡುಗಿ ಎಲ್ಲವನ್ನೂ ಕೇಸ್ ಶೀಟಿನಲ್ಲಿ ಬರೆದುಕೊಂಡು ನನ್ನ ಕಡೆ ತಿರುಗಿದಳು. "ನೋಡ್ರಿ, ಬಾಯಿಗೆ ಏನು ಬೇಕೋ ಅದನ್ನೇ ಬಾಯಿ ಹೊರಗಿಟ್ಟಿದೆ" ಎಂದಳು. ಈ ಬರಹ ಬರೆಯಲು ಕೂತಿದ್ದೇ ಆ ಮಾತಿಗಾಗಿ. ಬಾಯಿ ನೋವಾದಾಗ ನಾವು ಮೊದಲು ಬಿಡುವುದು ಹುಳಿ, ಖಾರ, ಸೊಪ್ಪು, ಹಸಿಕಾಯಿ, ಹಣ್ಣು. ಒಸಡನ್ನು ಗಟ್ಟಿಯಾಗಿ ಹಿಡಿದಿಡುವ ವಿಟಮಿನ್ ಸಿ ಇರುವುದೂ ಅಲ್ಲೇ. ಅದು ಕಡಿಮೆಯಾದಷ್ಟೂ ಒಸಡು ಇನ್ನಷ್ಟು ನೋಯುತ್ತದೆ, ಇನ್ನೊಂದಿಷ್ಟನ್ನು ಬಿಡುತ್ತೇವೆ. ಅವ್ವನ ಮಟ್ಟಿಗೆ ಇದು ಒಂದು ವರ್ಷದಿಂದ ಸದ್ದಿಲ್ಲದೆ ನಡೆದಿತ್ತು. ಅವಳ ವಿವೇಚನೆಯಲ್ಲಿ ದೋಷವಿರಲಿಲ್ಲ. ನೋಯುವುದನ್ನು ಯಾರು ತಾನೇ ತಿಂದಾರು?

ಆಮೇಲೆ ಡಾಕ್ಟರ್ ಹುಡುಗಿ ಸೀರೆ ತುಸು ಮೇಲೆತ್ತಲು ಹೇಳಿ ಮೊಣಕಾಲ ಕೆಳಗೆ ನೋಡಿದಳು. ಹಲ್ಲಿನ ಡಾಕ್ಟರು ಕಾಲು ನೋಡುವುದು ಅವ್ವನಿಗೆ ವಿಚಿತ್ರವೆನಿಸಿತು. ಕೂದಲ ಬುಡ ಬುಡಕ್ಕೆ ಸಣ್ಣ ಸಣ್ಣ ಕೆಂಪು ಚುಕ್ಕಿಗಳಿದ್ದವು. ಕೆಲವು ಕೂದಲು ಸುರುಳಿ ಸುತ್ತಿಕೊಂಡಿದ್ದವು. ತೊಡೆಯ ಮೇಲೆ, ಎಲ್ಲಿ ತಾಗಿತು ಎಂದು ನೆನಪೂ ಇಲ್ಲದ, ನೀಲಿಗಟ್ಟಿದ ಒಂದು ಕಲೆ. ಅವಳು ತನ್ನ ಪ್ರೊಫೆಸರರನ್ನು ಕರೆದಳು. ಅವರೂ ನೋಡಿ, ನಿಧಾನವಾಗಿ, "ಸ್ಕರ್ವಿ ಇರಬಹುದು. ಆದರೆ ಅದೊಂದೇ ಅಂತ ಈಗಲೇ ಹೇಳಬಾರದು" ಎಂದರು.

ಸ್ಕರ್ವಿ ಎಂದರೆ ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಓದಿದ್ದು, ವಿಟಮಿನ್ ಸಿ ಕೊರತೆಯಿಂದ ನಾವಿಕರಿಗೆ ಬರುವ ಕಾಯಿಲೆ. ಲಿಂಬೆಹಣ್ಣು ರಾಶಿ ಬೀಳುವ ಊರಿನಲ್ಲಿ ಅದು ಬರುತ್ತದೆಂದು ಊಹಿಸಲೂ ಆಗಿರಲಿಲ್ಲ. ಒಬ್ಬರೇ ಇರುವ ವಯಸ್ಸಾದವರು, ಹಲ್ಲು ಹೋದವರು, ತಾವೇ ಪಥ್ಯ ಕಟ್ಟಿಕೊಂಡವರು, ಕುಡಿತಕ್ಕೆ ಬಿದ್ದು ಊಟ ಬಿಟ್ಟವರು, ಇವರಲ್ಲಿ ಇಂದಿಗೂ ಕಾಣಿಸುತ್ತದಂತೆ.

ಔಷಧಿಗೆ ಮೊದಲು ರಕ್ತ ಪರೀಕ್ಷೆಗಳು. ಒಸಡು ಊದಿ ರಕ್ತ ಬರಲು ಕಾರಣಗಳು ಹಲವು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕಡಿಮೆಯಾದರೂ ಬರುತ್ತದೆ, ರಕ್ತ ತೆಳುವಾಗಿಸುವ ಮಾತ್ರೆಯಿಂದಲೂ ಬರುತ್ತದೆ. ಫಿಟ್ಸ್‌ಗೆ, ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಒಸಡನ್ನು ಬೆಳೆಸುತ್ತವೆ. ರಕ್ತದ ಕ್ಯಾನ್ಸರ್ ಕೂಡ ಒಮ್ಮೊಮ್ಮೆ ಮೊದಲು ಒಸಡಿನಲ್ಲೇ ಮುಖ ತೋರಿಸುತ್ತದೆ. ಪ್ರೊಫೆಸರ್ ಇದನ್ನು ಅವ್ವನ ಎದುರು ಹೇಳದೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ರಿಪೋರ್ಟು ಬರುವವರೆಗೆ ನನಗೆ ನಿದ್ದೆ ಹತ್ತಲಿಲ್ಲ. ಯಾರಿಗಾದರೂ ಒಸಡಿನಿಂದ ಬಿಡದೆ ರಕ್ತ ಬರುತ್ತಿದ್ದರೆ ಮೆಡಿಕಲ್ ಶಾಪಿಗೆ ಹೋಗಿ ವಿಟಮಿನ್ ಮಾತ್ರೆ ತಂದು ನುಂಗಿಸಬೇಡಿ, ಮೊದಲು ರಕ್ತ ಪರೀಕ್ಷೆ ಮಾಡಿಸಿ ಎಂದು ನಾನು ಕೈಮುಗಿದು ಹೇಳುವುದು ಇದಕ್ಕೇ.

ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್, ಬಿಳಿರಕ್ತಕಣ ಸರಿಯಾಗಿದ್ದವು. ದೇವರ ಮುಂದೆ ದೀಪ ಹಚ್ಚಿದೆ. ಹಿಮೋಗ್ಲೋಬಿನ್ 9.8, ಕಡಿಮೆ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 8.4, ಹೆಚ್ಚು. ವಿಟಮಿನ್ ಡಿ 13. 20ಕ್ಕಿಂತ ಕಡಿಮೆ ಇದ್ದರೆ ಕೊರತೆ. ಬಿ12 ಮಟ್ಟ 148. 200ರ ಕೆಳಗಿದ್ದರೆ ಕೊರತೆ ಎಂದು ಲ್ಯಾಬಿನ ಹಾಳೆಯಲ್ಲೇ ಅಚ್ಚಾಗಿತ್ತು. ವಿಟಮಿನ್ ಸಿ ಪರೀಕ್ಷೆ ಮಾತ್ರ ಸುಲಭದ್ದಲ್ಲ. ತೆಗೆದ ರಕ್ತವನ್ನು ಬೆಳಕು ತಾಗದಂತೆ, ತಣ್ಣಗಿಟ್ಟು ಬೇಗ ಕಳಿಸಬೇಕು. ಎಲ್ಲ ಲ್ಯಾಬಿನವರೂ ಮಾಡುವುದಿಲ್ಲ. "ಲಕ್ಷಣ ಇದೆ, ಊಟದ ಚರಿತ್ರೆ ಇದೆ. ಕೊಟ್ಟು ನೋಡೋಣ. ಸಿ ಕೊರತೆಯೇ ಆಗಿದ್ದರೆ ದಿನಗಳ ಲೆಕ್ಕದಲ್ಲಿ ಉತ್ತರ ಸಿಗುತ್ತೆ" ಎಂದರು ಪ್ರೊಫೆಸರ್. ಅವ್ವನ ಸಕ್ಕರೆ ಕಾಯಿಲೆಯ ಡಾಕ್ಟರರ ಜೊತೆ ಅವರೇ ಫೋನಿನಲ್ಲಿ ಮಾತಾಡಿದರು.

ಬಿ12 ಏಕೆ ಬಿದ್ದಿತ್ತು ಎಂಬುದೂ ಆಗಲೇ ಗೊತ್ತಾಯಿತು. ಅವ್ವ ಬಹಳ ವರ್ಷಗಳಿಂದ ಸಕ್ಕರೆಗೆ ಮೆಟ್‌ಫಾರ್ಮಿನ್ ನುಂಗುತ್ತಾಳೆ. ಒಳ್ಳೆಯ ಮಾತ್ರೆ, ಬಿಡುವ ಹಾಗಿಲ್ಲ. ಆದರೆ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಕರುಳು ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಮೇಲಾಗಿ ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಬಿ12 ಗಿಡದಲ್ಲಿ ಸಿಗುವುದಿಲ್ಲ. ನಮ್ಮಂಥವರಿಗೆ ಹಾಲು, ಮೊಸರೇ ಗತಿ. ಅವ್ವ ಕುಡಿಯುತ್ತಿದ್ದ ಮಜ್ಜಿಗೆಯಲ್ಲಿ ನೀರೇ ಹೆಚ್ಚು. ನಾಲಿಗೆ ನುಣ್ಣಗಾಗಿ ಉರಿಯುವುದು, ಬಾಯಿಯ ಮೂಲೆ ಸೀಳುವುದು, ಪದೇ ಪದೇ ಹುಣ್ಣು, ಪಾದ ಜೋಮು ಹಿಡಿಯುವುದು, ಇಷ್ಟೂ ಬಿ12 ಕಡೆಗೆ ಬೆರಳು ತೋರಿಸುತ್ತಿದ್ದವು. ಜೋಮನ್ನು ನಾವೆಲ್ಲ ಸಕ್ಕರೆಯ ತಲೆಗೆ ಕಟ್ಟಿದ್ದೆವು. ಅಂದರೆ ನಾಲಿಗೆಯ ಉರಿ ಬಿ12ರಿಂದ ಶುರುವಾಗಿ, ಆ ಉರಿಗೆ ಹುಳಿ–ಖಾರ–ಹಣ್ಣು ಬಿಟ್ಟು, ಅದರಿಂದ ಸಿ ಬಿದ್ದು, ಒಸಡು ಕೆಟ್ಟಿತು. ಒಂದು ಕೊರತೆ ಇನ್ನೊಂದನ್ನು ಕೈಹಿಡಿದು ಕರೆತಂದಿತ್ತು.

ಸಿ ಇಲ್ಲದಿದ್ದರೆ ಹಲ್ಲು ಏಕೆ ಅಲುಗುತ್ತದೆ ಎಂದು ನಾನು ಕೇಳಿದಾಗ ಆ ಡಾಕ್ಟರ್ ಹುಡುಗಿ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಳು. ಹಲ್ಲನ್ನು ದವಡೆಯ ಮೂಳೆಗೆ ಮೊಳೆ ಹೊಡೆದು ಕೂರಿಸಿಲ್ಲ. ನುಲಿಮಂಚದಲ್ಲಿ ನುಲಿ ಮೈಭಾರವನ್ನು ಹಿಡಿದಿರುವ ಹಾಗೆ, ಬೇರಿನ ಸುತ್ತ ಸಾವಿರಾರು ಎಳೆಗಳು ಹಲ್ಲನ್ನು ಮೂಳೆಗೆ ಬಿಗಿದು ತೂಗಿಟ್ಟಿರುತ್ತವೆ. ಆ ಎಳೆ ಕೊಲಾಜೆನ್ ಎಂಬ ಪ್ರೋಟೀನಿನದು. ದೇಹ ಈ ಎಳೆಗಳನ್ನು ದಿನವೂ ಬಿಚ್ಚಿ ಹೊಸದಾಗಿ ನೇಯುತ್ತಿರುತ್ತದೆ. ಹಲ್ಲಿನ ಸುತ್ತ ಈ ಕೆಲಸ ಮೈಯ ಬೇರೆ ಕಡೆಗಿಂತ ಬಹಳ ಚುರುಕು. ಹೊಸ ಎಳೆ ಹುರಿಗೊಳ್ಳಬೇಕಾದರೆ ವಿಟಮಿನ್ ಸಿ ಬೇಕೇ ಬೇಕು. ಅದಿಲ್ಲದಿದ್ದರೆ ಹಳೆಯದು ಬಿಚ್ಚುವುದು ನಡೆಯುತ್ತದೆ, ಹೊಸದು ಗಟ್ಟಿಯಾಗುವುದಿಲ್ಲ. ಸಣ್ಣ ರಕ್ತನಾಳಗಳ ಗೋಡೆಯೂ ಇದೇ ಕೊಲಾಜೆನ್‌ನದಾದ್ದರಿಂದ ಮುಟ್ಟಿದಲ್ಲೆಲ್ಲ ರಕ್ತ ಒಸರುತ್ತದೆ. ಇನ್ನೊಂದು ಸಂಗತಿಯನ್ನೂ ಹೇಳಿದಳು: ಒಂದೂ ಹಲ್ಲಿಲ್ಲದ ಬೊಚ್ಚುಬಾಯಿಯವರಿಗೆ ಸ್ಕರ್ವಿ ಬಂದರೆ ಒಸಡು ಹೀಗೆ ಊದುವುದಿಲ್ಲವಂತೆ. ಹಲ್ಲಿನ ಸುತ್ತ ಪಾಚಿ ಕಟ್ಟಿ, ಅಲ್ಲಿನ ಕ್ರಿಮಿಗಳು ಕೆಣಕುತ್ತಿದ್ದಲ್ಲಿ ಮಾತ್ರ ಈ ಊತ. ವಿಟಮಿನ್ನೂ ಶುಚಿಯೂ ಒಂದನ್ನೊಂದು ಬಿಟ್ಟಿಲ್ಲ ಎಂಬುದು ನನಗೆ ಆ ಮಾತಿನಿಂದ ಮನದಟ್ಟಾಯಿತು.

ಆ ದಿನಗಳಲ್ಲಿ ಸ್ಕರ್ವಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 12 ಜನ ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ ಬೇರೆ ಬೇರೆ ಮದ್ದು ಕೊಟ್ಟು ನೋಡಿದ, ಕಿತ್ತಳೆ–ಲಿಂಬೆ ತಿಂದ ಇಬ್ಬರು ಬೇಗ ಎದ್ದು ಕೂತರು ಎಂಬುದು ಎಲ್ಲರಿಗೂ ಗೊತ್ತಿರುವ ಕಥೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು. ಮೊದಲನೇ ಮಹಾಯುದ್ಧದಲ್ಲಿ, ಇಂದಿನ ಇರಾಕಿನ ಕೂತ್ ಎಂಬಲ್ಲಿ, 1915ರ ಡಿಸೆಂಬರಿನಿಂದ 1916ರ ಏಪ್ರಿಲ್‌ವರೆಗೆ ಬ್ರಿಟಿಷ್ ಇಂಡಿಯಾದ ಪಡೆ ತುರ್ಕರ ಮುತ್ತಿಗೆಯಲ್ಲಿ ಸಿಕ್ಕಿಬಿತ್ತು. ತರಕಾರಿ ಮುಗಿಯಿತು, ಕುದುರೆಗಳನ್ನು ಕಡಿದು ತಿನ್ನುವ ಕಾಲ ಬಂತು. ಬಿಳಿಯ ಸೈನಿಕರು ತಿಂದರು. ಧರ್ಮದ ಕಾರಣಕ್ಕೆ ನಮ್ಮವರಲ್ಲಿ ಬಹಳ ಮಂದಿ ಕುದುರೆ ಮಾಂಸ ಮುಟ್ಟಲಿಲ್ಲ. ತಾಜಾ ಮಾಂಸದಲ್ಲಿ ಅಲ್ಪಸ್ವಲ್ಪ ಸಿ ಇರುತ್ತದೆ. ಅದೂ ಸಿಗದೆ ಭಾರತೀಯ ಸಿಪಾಯಿಗಳ ಒಸಡು ಊದಿ ಸ್ಕರ್ವಿ ಹಬ್ಬಿತು. ಬಿಳಿ ಹಿಟ್ಟಿನ ರೊಟ್ಟಿ ತಿಂದ ಬ್ರಿಟಿಷರಿಗೆ ಬಿ1 ಕೊರತೆಯ ಬೆರಿಬೆರಿ ಬಂತು. ಬೇಳೆ, ಒರಟು ಹಿಟ್ಟು ತಿನ್ನುತ್ತಿದ್ದ ನಮ್ಮವರು ಅದರಿಂದ ಪಾರಾದರು. ಒಂದೇ ಮುತ್ತಿಗೆಯೊಳಗೆ, ತಟ್ಟೆಯಲ್ಲಿ ಇದ್ದದ್ದಕ್ಕೆ ತಕ್ಕ ಹಾಗೆ ಎರಡು ಕಾಯಿಲೆ. ಆ ಯುದ್ಧದ ಕಾಲದಲ್ಲೇ ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಅವರ ಜೊತೆಯವರು ಮೊಳಕೆ ಕಾಳು ಸ್ಕರ್ವಿ ತಡೆಯುತ್ತದೆ ಎಂದು ತೋರಿಸಿದರು. ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇರುವ ಸಿ, ನೆನೆಸಿ ಮೊಳಕೆ ಬರಿಸಿದಾಗ ಹುಟ್ಟಿಕೊಳ್ಳುತ್ತದೆ. ನಮ್ಮ ಮನೆಯ ಹೆಸರುಕಾಳಿನ ಉಸುಳಿಯನ್ನು ನಾನು ಅಂದಿನಿಂದ ಬೇರೆ ಕಣ್ಣಿನಿಂದ ನೋಡುತ್ತೇನೆ.

ಚಿಕಿತ್ಸೆ ಶುರುವಾಯಿತು. ಸಿ ಮಾತ್ರೆ 500 ಮಿಲಿಗ್ರಾಮಿನದು, ಊಟವಾದ ಮೇಲೆ. ಮೂತ್ರಪಿಂಡದ ಪರೀಕ್ಷೆ ನೋಡಿಯೇ ಕೊಟ್ಟರು. ಸಿ ಅತಿಯಾದರೆ ಕೆಲವರಿಗೆ ಕಲ್ಲಾಗುತ್ತದೆ, ಭೇದಿಯಾಗುತ್ತದೆ. ಚೀಪುವ ಕಿತ್ತಳೆ ರುಚಿಯ ಮಾತ್ರೆ ಬೇಡ, ನೀರಿನ ಜೊತೆ ನುಂಗುವುದೇ ಆಗಬೇಕು ಎಂದು ಎರಡೆರಡು ಸಲ ಹೇಳಿದರು. ಸಿ ಒಂದು ಆಮ್ಲ. ಬಾಯಲ್ಲಿಟ್ಟು ದಿನಾ ಚೀಪುತ್ತಿದ್ದರೆ ಹಲ್ಲಿನ ಹೊರಪದರವೇ ಕರಗುತ್ತದೆ. ಒಸಡು ಇಳಿದು ಬೇರು ಹೊರಗೆ ಕಂಡಿದ್ದರಂತೂ ಇನ್ನೂ ಬೇಗ. ಒಸಡಿಗೆಂದು ಕೊಟ್ಟದ್ದು ಹಲ್ಲನ್ನು ತಿನ್ನಬಾರದಲ್ಲ. ಲಿಂಬೆ ಪಾನಕ ಕುಡಿದ ತಕ್ಷಣ ಹಲ್ಲುಜ್ಜಬಾರದು, ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ ಅರ್ಧ ಗಂಟೆಯಾದರೂ ಕಾಯಬೇಕು ಎಂಬುದೂ ಇದೇ ಕಾರಣಕ್ಕೆ. ಬಿ12ಗೆ ಇಂಜೆಕ್ಷನ್, ಮೊದಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ. ವಿಟಮಿನ್ ಡಿಗೆ 60,000 ಯೂನಿಟ್ಟಿನ ಪುಡಿ, ವಾರಕ್ಕೊಂದು ಪೊಟ್ಟಣ, 8 ವಾರ. ಕೊಬ್ಬಿನ ಜೊತೆ ಚೆನ್ನಾಗಿ ಹೀರುವುದರಿಂದ ಊಟವಾದ ಮೇಲೆ ಗಟ್ಟಿ ಹಾಲಿನಲ್ಲಿ. ಅದನ್ನು ದಿನಕ್ಕೊಂದು ತೆಗೆದುಕೊಂಡು ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರುವವರೂ ಇದ್ದಾರೆಂದು ಎಚ್ಚರಿಸಿದರು. ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆ ಗುರುತು ಹಾಕಿ ಗೋಡೆಗೆ ತೂಗುಹಾಕಿದೆ.

ಇಷ್ಟೆಲ್ಲ ಔಷಧಿ. ನನ್ನ ನಿಜವಾದ ಕೆಲಸ ಇದ್ದದ್ದು ಅಡುಗೆಮನೆಯಲ್ಲಿ. ಮಾತ್ರೆ ಜೀವನಪೂರ್ತಿ ನುಂಗುವುದಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿಯ ಪ್ರಕಾರ ಹೆಂಗಸರಿಗೆ ದಿನಕ್ಕೆ ಬೇಕಾದದ್ದು 65 ಮಿಲಿಗ್ರಾಂ ಸಿ, ಗಂಡಸರಿಗೆ 80. 100 ಗ್ರಾಂ ಪೇರಲದಲ್ಲಿ 200ರ ಆಸುಪಾಸು ಇರುತ್ತದೆ. ಅಂದರೆ ಒಂದು ಸಣ್ಣ ಹಣ್ಣಿನ ಅರ್ಧ ಸಾಕು. ಆ ಅರ್ಧವನ್ನು ಉರಿಯುವ ಬಾಯಿಯೊಳಗೆ ಹೇಗೆ ಕಳಿಸುವುದು ಎಂಬುದೇ ಪ್ರಶ್ನೆ.

ಮೊದಲು ಪಪ್ಪಾಯಿ ಹಿಡಿದೆ. ಹುಳಿಯಿಲ್ಲ, ಕಡಿಯಬೇಕಿಲ್ಲ. "ಬ್ಯಾಡವ್ವ, ಉಷ್ಣ ಆಕ್ಕತಿ" ಎಂದು ಅವ್ವ ತಟ್ಟೆ ಸರಿಸಿದಳು. ಅವಳ ಜೊತೆ ವಾದ ಮಾಡಿ ಗೆಲ್ಲುವುದು ನನಗೆ ಬೇಕಿರಲಿಲ್ಲ. ಉಷ್ಣ–ತಂಪಿನ ಲೆಕ್ಕ ಅವಳ ಅವ್ವನಿಂದ ಬಂದದ್ದು, ಎಷ್ಟೋ ಮಕ್ಕಳನ್ನು ಸಾಕಿದ್ದು. ಆ ಲೆಕ್ಕದೊಳಗೇ ದಾರಿ ಇದೆಯೇ ಎಂದು ನೋಡಿದೆ, ಇತ್ತು. ನೆಲ್ಲಿಕಾಯಿ ತಂಪು. ಅದು ಅವಳ ಪಟ್ಟಿಯಲ್ಲೇ ಇರುವ ತಂಪು. ತುಳಸಿ ಹಬ್ಬ ಹತ್ತಿರ ಬಂದಿದ್ದರಿಂದ ಮಾರ್ಕೆಟ್ಟಿನ ತುಂಬ ಬೆಟ್ಟದ ನೆಲ್ಲಿಕಾಯಿ. 100 ಗ್ರಾಂ ನೆಲ್ಲಿಯಲ್ಲಿ ಸಿ 600 ಮಿಲಿಗ್ರಾಂ ಎಂದು ಹಳೆಯ ಪಟ್ಟಿಗಳಲ್ಲಿದೆ. ಹೊಸ ಅಳತೆಯಲ್ಲಿ 250ರ ಹತ್ತಿರ. ಯಾವ ಲೆಕ್ಕ ಹಿಡಿದರೂ ನಮಗೆ ಬೇಕಾದದ್ದಕ್ಕಿಂತ ಹೆಚ್ಚೇ. 1939–40ರಲ್ಲಿ ಹಿಸಾರ್ ಸೀಮೆಯಲ್ಲಿ ಬರ ಬಿದ್ದು ಸ್ಕರ್ವಿ ಕಾಣಿಸಿಕೊಂಡಾಗ ಜನರಿಗೆ ನೆಲ್ಲಿಕಾಯಿಯನ್ನೇ ಕೊಟ್ಟಿದ್ದರು.

ಒಂದು ನೆಲ್ಲಿಕಾಯಿಯನ್ನು ನುಣ್ಣಗೆ ತುರಿದು, ನಾರು ತೆಗೆದು, ಗಟ್ಟಿ ಮೊಸರಿಗೆ ಕಲಸಿ, ಚಿಟಿಕೆ ಉಪ್ಪು ಹಾಕಿ ಅನ್ನದ ಜೊತೆ ಕೊಟ್ಟೆ. ಮೊಸರು ಹುಳಿಯ ಮೊನೆಯನ್ನು ಮಡಚಿಬಿಡುತ್ತದೆ. ಬಿ12ಗೂ ಮೊಸರು ಬೇಕಿತ್ತು. ತುಸು ಉರಿಯಿತು, ಆದರೆ ತಂಪಿನದ್ದೆಂಬ ಧೈರ್ಯಕ್ಕೆ ತಿಂದಳು. ನಾಲಿಗೆ ಸ್ವಲ್ಪ ಸುಧಾರಿಸಿದ ಮೇಲೆ ಪೇರಲದ ತಿರುಳನ್ನು ಜರಡಿಯಲ್ಲಿ ಹಿಸುಕಿ ಬೀಜ ತೆಗೆದು ಕೊಡತೊಡಗಿದೆ. ಸಕ್ಕರೆ ಇರುವವಳಾದ್ದರಿಂದ ಅಳತೆ ನೋಡಿಕೊಂಡೇ. ಹೆಸರುಕಾಳು ಮೊಳಕೆ ಬರಿಸಿ, ಮುಚ್ಚಿಟ್ಟು ಒಂದೆರಡು ಕುದಿ ಬರಿಸಿ, ಮೆತ್ತಗೆ ಮಸೆದು ಉಸುಳಿ.

ಅಡುಗೆಯ ರೀತಿಯನ್ನೂ ತಿದ್ದಬೇಕಾಯಿತು. ಸಿ ಬಹಳ ನಾಜೂಕು. ನೀರಿನಲ್ಲಿ ಕರಗುತ್ತದೆ, ಬಿಸಿಗೆ ಕೆಡುತ್ತದೆ, ಹೆಚ್ಚಿಟ್ಟರೆ ಗಾಳಿಗೂ ಹೋಗುತ್ತದೆ. ಸೊಪ್ಪನ್ನು ಹೆಚ್ಚಿ ತೊಳೆಯುವುದರ ಬದಲು ತೊಳೆದು ಹೆಚ್ಚಬೇಕು. ಬೇಯಿಸಿದ ನೀರನ್ನು ಬಸಿದು ಚೆಲ್ಲದೆ ಬಸ್ಸಾರಿಗೆ ಬಳಸಬೇಕು. ಲಿಂಬೆಯನ್ನು ಒಲೆಯ ಮೇಲಿರುವಾಗ ಹಿಂಡದೆ, ಇಳಿಸಿ ಬೆಚ್ಚಗಾದ ಮೇಲೆ ಹಿಂಡಬೇಕು. ಊಟದ ಜೊತೆ ಲಿಂಬೆ ಬಿದ್ದರೆ ಬೇಳೆ–ಸೊಪ್ಪಿನ ಕಬ್ಬಿಣ ಹೆಚ್ಚು ಹೀರುತ್ತದೆ, ಊಟದ ಬೆನ್ನಿಗೇ ಚಹಾ ಕುಡಿದರೆ ಕಡಿಮೆ ಹೀರುತ್ತದೆ. ಅವ್ವನ ಹಿಮೋಗ್ಲೋಬಿನ್ನಿಗೆ ಇದು ಮುಖ್ಯವಾಗಿತ್ತು. ಹಾಗಾಗಿ ಮಧ್ಯಾಹ್ನದ ಚಹಾ ಒಂದು ಗಂಟೆ ಮುಂದಕ್ಕೆ ಹೋಯಿತು. ಇದೊಂದಕ್ಕೆ ಅವ್ವ ಬಹಳ ಗೊಣಗಿದಳು.

ಫಲ ಬೇಗ ಕಂಡಿತು, ನಂಬಲಾರದಷ್ಟು ಬೇಗ. ಮೊದಲು ಹೋದದ್ದು ಸುಸ್ತು. ಎದ್ದು ಕೂರಲು ಗೋಡೆ ಹಿಡಿಯುತ್ತಿದ್ದವಳು ತಾನೇ ಹಿತ್ತಲಿಗೆ ಹೋಗಿ ಬರತೊಡಗಿದಳು. ವಾರ ಕಳೆಯುವುದರೊಳಗೆ ದಿಂಬಿನ ಕಲೆ ನಿಂತಿತು. ಕಾಲಿನ ಚುಕ್ಕಿ ಮಾಸಿದವು. ನೇರಳೆ ಒಸಡು ಕೆಂಪಿಗೆ ಬಂತು. ಗುಲಾಬಿಗೆ ಬರಲು ಇನ್ನೂ ಕೆಲಸವಿತ್ತು. ನಾಲಿಗೆಯ ಉರಿ ಮಾತ್ರ ನಿಧಾನವಾಗಿ ಇಳಿಯಿತು, ಬಿ12 ಇಂಜೆಕ್ಷನ್ ಹಲವು ಆದ ಮೇಲೆ. ಅವಳು ಹಸಿಮೆಣಸಿನಕಾಯಿ ಚಟ್ನಿ ಕೇಳಿದ ದಿನ ನಾನು ಪಿಜಿ ಹುಡುಗಿಗೆ ಫೋನ್ ಮಾಡಿ ಹೇಳಿದೆ. ಅವಳಿಗೂ ಅಷ್ಟೇ ಸಂತೋಷವಾಯಿತು.

ಆದರೆ ವಿಟಮಿನ್ನಿನಿಂದಲೇ ಎಲ್ಲ ಆಯಿತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಊತ ಇಳಿದ ಮೇಲೆ ಹಲ್ಲಿನ ಬುಡದಲ್ಲಿ ಕಟ್ಟಿದ್ದ ಪಾಚಿಕಲ್ಲು ಎದ್ದು ಕಂಡಿತು. ವರ್ಷಗಳದ್ದು. ಅದನ್ನು ಯಾವ ನೆಲ್ಲಿಕಾಯಿಯೂ ಕರಗಿಸುವುದಿಲ್ಲ. ಮೊದಲ ಭೇಟಿಯಲ್ಲೇ ಕ್ಲೀನಿಂಗ್ ಮಾಡದೆ ಮುಂದೂಡಿದ್ದಕ್ಕೂ ಕಾರಣವಿತ್ತು: ಸಿ ಇಲ್ಲದ ಒಸಡು ಮುಟ್ಟಿದರೆ ರಕ್ತ ನಿಲ್ಲುವುದಿಲ್ಲ, ಗಾಯ ಮಾಯುವುದಿಲ್ಲ. ಮೊದಲು ಮೈಗೆ ಮಾಯುವ ಶಕ್ತಿ ಬರಲಿ, ಆಮೇಲೆ ಕ್ಲೀನಿಂಗ್ ಎಂಬುದು ಅವರ ಕ್ರಮ.

ಕ್ಲೀನಿಂಗಿಗೆ ಮೊದಲು ಅಳತೆ. ಮಿಲಿಮೀಟರ್ ಗೆರೆ ಹಾಕಿದ ಸಣ್ಣ ಕಡ್ಡಿಯನ್ನು ಒಸಡು–ಹಲ್ಲಿನ ಸಂದಿಯಲ್ಲಿ ಮೆಲ್ಲಗೆ ಇಳಿಸಿ, ಒಂದೊಂದು ಹಲ್ಲಿಗೂ ಆರು ಕಡೆ ಆಳ ನೋಡುತ್ತಾರೆ. ಒಬ್ಬರು ಹೇಳುವುದು, ಇನ್ನೊಬ್ಬರು ಬರೆಯುವುದು: ಮೂರು, ಎರಡು, ಐದು, ಆರು, ಐದು, ಏಳು. ಮೂರರವರೆಗೆ ಸರಿ. ಅದಕ್ಕಿಂತ ಆಳವಾದರೆ ಅದನ್ನು ಪಾಕೆಟ್ ಎನ್ನುತ್ತಾರೆ, ಅಲ್ಲಿ ಬ್ರಷ್ ತಲುಪುವುದಿಲ್ಲ. ಎಕ್ಸ್‌ರೇಯಲ್ಲಿ ಕೆಳಗಿನ ಮುಂಬಲ್ಲುಗಳ ಸುತ್ತ ಮೂಳೆ ಅರ್ಧ ಇಳಿದಿತ್ತು. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಒಸಡಿನ ಒಳಗಿನ ಬೇರನ್ನು ಕೆರೆದು ಶುಚಿ ಮಾಡಿದರು, ಬಾಯಿಯನ್ನು ಭಾಗ ಮಾಡಿಕೊಂಡು, ವಾರಕ್ಕೊಂದು ಭಾಗ. ಮೃದುವಾದ ಬ್ರಷ್ ಕೊಟ್ಟು, ಒಸಡಿನ ಅಂಚಿಗೆ ಓರೆಯಾಗಿಟ್ಟು ಹೇಗೆ ಆಡಿಸಬೇಕೆಂದು ಅವ್ವನ ಕೈಯಿಂದಲೇ ಮಾಡಿಸಿದರು. ರಕ್ತ ಬಂದರೆ ಬ್ರಷ್ ಬಿಡಬಾರದು, ರಕ್ತ ಬರುವ ಜಾಗಕ್ಕೇ ಬ್ರಷ್ ಹೆಚ್ಚು ಬೇಕು ಎಂಬ ಮಾತನ್ನು ಅವಳಿಂದ ಬಾಯಿಪಾಠ ಮಾಡಿಸಿದ ಹಾಗೆ ಹೇಳಿಸಿದರು. ಹತ್ತು ದಿನ ಕ್ಲೋರ್‌ಹೆಕ್ಸಿಡಿನ್ ಬಾಯಿ ತೊಳೆಯುವ ನೀರು. ಹೆಚ್ಚು ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ, ರುಚಿ ಕೆಡುತ್ತದೆ ಎಂದು ಅಲ್ಲಿಗೇ ನಿಲ್ಲಿಸಿದರು.

ಮೂರು ತಿಂಗಳ ಮೇಲೆ ಮತ್ತೆ ಅಳೆದಾಗ ಬಹಳಷ್ಟು ಐದುಗಳು ಮೂರಕ್ಕೆ ಇಳಿದಿದ್ದವು. ಆರು–ಏಳು ಇದ್ದಲ್ಲಿ ನಾಲ್ಕು–ಐದು. ಹೋದ ಮೂಳೆ ವಾಪಸು ಬರಲಿಲ್ಲ. ಅದು ಬರುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು. ಅಲುಗುತ್ತಿದ್ದ ಹಲ್ಲುಗಳಲ್ಲಿ ಒಂದನ್ನು ತೆಗೆಯಲೇಬೇಕಾಯಿತು, ಉಳಿದವು ನೆಲೆ ನಿಂತವು. ಎಚ್‌ಬಿಎ1ಸಿ 7.3ಕ್ಕೆ ಬಂದಿತ್ತು. ಸಕ್ಕರೆ ಹಿಡಿತದಲ್ಲಿದ್ದರೆ ಒಸಡು ಬೇಗ ಮಾಯುತ್ತದೆ, ಒಸಡಿನ ಕೀವು ಹೋದರೆ ಸಕ್ಕರೆಯೂ ಸ್ವಲ್ಪ ಹಿಡಿತಕ್ಕೆ ಬರುತ್ತದೆ ಎಂದರು. ಬಿಸ್ಕೀಟು, ಸಬ್ಬಕ್ಕಿ ಬಿಟ್ಟದ್ದೂ ಸೇರಿರಬೇಕು.

ಡಿ ಬಗ್ಗೆ ನಾನು ಬಿಡಿಸಿ ಕೇಳಿದೆ, ಏಕೆಂದರೆ ಓಣಿಯಲ್ಲಿ ಎಲ್ಲರೂ ಹಲ್ಲುನೋವಿಗೂ ಅದನ್ನೇ ಹೇಳುತ್ತಾರೆ. ಕ್ಯಾಲ್ಸಿಯಂ ಕರುಳಿನಿಂದ ಒಳಗೆ ಬರಲು ಡಿ ಬೇಕು, ದವಡೆಯೂ ಮೂಳೆಯೇ, ಮಕ್ಕಳಲ್ಲಿ ಡಿ ತೀರಾ ಕಡಿಮೆಯಾದರೆ ಹಲ್ಲು ಹುಟ್ಟುವುದು ತಡವಾಗುತ್ತದೆ, ಹೊರಪದರ ಸರಿಯಾಗಿ ಕೂಡುವುದಿಲ್ಲ. ಇವೆಲ್ಲ ನಿಜ. ದೊಡ್ಡವರಲ್ಲಿ ಡಿ ತುಂಬಿದ ಮಾತ್ರಕ್ಕೆ ಒಸಡಿನ ರೋಗ ವಾಸಿಯಾಗುತ್ತದೆ ಎಂದು ಮಾತ್ರ ಪ್ರೊಫೆಸರ್ ಹೇಳಲಿಲ್ಲ. ಕೊರತೆ ಇದ್ದರೆ ತುಂಬಬೇಕು, ಇಲ್ಲದಿದ್ದರೆ ಸುರಿಯಬಾರದು, ಇಷ್ಟೇ ಅವರ ಮಾತು. ಎ, ಇ, ಕೆ ವಿಟಮಿನ್ನುಗಳ ಮಾತ್ರೆಯನ್ನು ಅವ್ವನಿಗೆ ಕೊಡಲೇ ಇಲ್ಲ. ಕೆ ರಕ್ತ ಹೆಪ್ಪುಗಟ್ಟಲು ಬೇಕಾದದ್ದು ನಿಜ. ಆದರೆ ಅವಳ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಸರಿಯಾಗಿತ್ತು, ಸೊಪ್ಪು ತಟ್ಟೆಗೆ ಮರಳಿತ್ತು, ಅಷ್ಟು ಸಾಕು ಎಂದರು.

ಈಗ ಅವ್ವ ನಮ್ಮ ಜೊತೆಯೇ ಇದ್ದಾಳೆ. ಸಿ ಮಾತ್ರೆ ನಿಂತಿದೆ. ಮೆಟ್‌ಫಾರ್ಮಿನ್ ಇರುವವರೆಗೂ ಬಿ12 ಇರಬೇಕಾದ್ದರಿಂದ ತಿಂಗಳಿಗೊಂದು ಇಂಜೆಕ್ಷನ್, ವರ್ಷಕ್ಕೊಮ್ಮೆ ಪರೀಕ್ಷೆ. ಮೆಟ್‌ಫಾರ್ಮಿನ್ ನುಂಗುವ ನಮ್ಮ ಸೋದರಮಾವನ ಬಿ12ನ್ನೂ ಮಾಡಿಸಿದೆವು, ಅವರದ್ದೂ ಕಡಿಮೆಯೇ ಬಂತು. ಮೂರು ತಿಂಗಳಿಗೊಮ್ಮೆ ಒಸಡಿನ ವಿಭಾಗಕ್ಕೆ ಹೋಗಿ ಶುಚಿ ಮಾಡಿಸಿಕೊಂಡು ಬರುತ್ತೇವೆ. ತೆಗೆದ ಹಲ್ಲಿನ ಜಾಗಕ್ಕೆ ಕಟ್ಟಿಸುವ ಹಲ್ಲಿನ ಅಳತೆ ಕೊಟ್ಟಿದ್ದಾಳೆ. ಕಟ್ಟಿಸಿದ ಮೇಲೆ ಜೋಳದ ರೊಟ್ಟಿಯನ್ನು ಸಾರಿಗೆ ಅದ್ದದೆ ಕಡಿಯಬಹುದೇ ಎಂದು ಅವಳೇ ಡಾಕ್ಟರರನ್ನು ಕೇಳಿದಳು. ಮುಂಬಲ್ಲಿನಲ್ಲಿ ಕಡಿಯದೆ ಮುರಿದು ದವಡೆಹಲ್ಲಿಗೆ ಹಾಕಿಕೊಳ್ಳಿ ಅಜ್ಜಿ, ಆಮೇಲೆ ಚೆನ್ನಾಗಿ ಅಗಿಯಿರಿ ಎಂದಿದ್ದಾರೆ.